ಬಾಟಲಿ ಮೇಲೆ ಹೆಸರು: ವಿನೈಲ್ ಉಡುಗೊರೆ ಮಾಡುವುದು ಹೀಗೆ

ನೀರಿನ ಬಾಟಲಿ, ಗಾಜಿನ ಮಗ್, ಡೈರಿ, ಟೀ ಶರ್ಟ್ ಯಾವ ಅಂಗಡಿಯಲ್ಲಾದರೂ ಸಿಗುತ್ತವೆ. ಅದರ ಮೇಲೆ ತೆಗೆದುಕೊಳ್ಳುವವರ ಹೆಸರು ನೀಟಾಗಿ ಕೂತಿದ್ದರೆ ಆ ಉಡುಗೊರೆಯ ತೂಕವೇ ಬೇರೆ, ಅಲ್ವಾ? ಕ್ರಿಕಟ್, ಸಿಲೂಯೆಟ್ ಕ್ಯಾಮಿಯೋ, ಬ್ರದರ್ ಸ್ಕ್ಯಾನ್‌ಎನ್‌ಕಟ್‌ನಂಥ ಎಲೆಕ್ಟ್ರಾನಿಕ್ ಕಟಿಂಗ್ ಮಷಿನ್ ಇದ್ದರೆ, ವಿನೈಲ್ ಎಂಬ ತೆಳು ಬಣ್ಣದ ಪ್ಲಾಸ್ಟಿಕ್ ಅಂಟುಹಾಳೆಯಿಂದ ಇದನ್ನು ಮನೆಯಲ್ಲೇ ಮಾಡಬಹುದು. ನೀವು ಕೊಟ್ಟ ಗೆರೆಯ ಮೇಲೆ ಸಣ್ಣ ಬ್ಲೇಡ್ ಓಡಿಸುವುದಷ್ಟೇ ಮಷಿನ್‌ನ ಪಾಲು. ಅದು ಕೆಲವೇ ನಿಮಿಷದಲ್ಲಿ ಮುಗಿದುಹೋಗುತ್ತದೆ. ಕೆಲಸ ಚೆನ್ನಾಗಿ ಬಂತೋ ಕೆಟ್ಟಿತೋ ಎಂಬುದು ಅದಕ್ಕೆ ಮೊದಲು ಅಕ್ಷರ ಆರಿಸುವಾಗ ಮತ್ತು ಆಮೇಲೆ ಕೈಯಲ್ಲಿ ಅಂಟಿಸುವಾಗ ತೀರ್ಮಾನವಾಗುತ್ತದೆ. ಸಮಯವನ್ನೂ ಅಲ್ಲೇ ಜಾಸ್ತಿ ಕೊಡಿ.

ಯಾವ ವಿನೈಲ್?

ನೀರು ತಾಗುವ, ಪದೇ ಪದೇ ತೊಳೆಯುವ ವಸ್ತುವಿಗೆ ಪರ್ಮನೆಂಟ್ ವಿನೈಲ್ ಬೇಕು. ಓರಾಕಲ್ 651 ಈ ಜಾತಿಯದು. ಗೋಡೆ ಮೇಲೆ ಅಂಟಿಸಿ ಮುಂದೆಂದಾದರೂ ಕಿತ್ತು ತೆಗೆಯುವಂಥದ್ದಕ್ಕೆ ರಿಮೂವಬಲ್ ಸಾಕು, ಓರಾಕಲ್ 631 ಅಂಥದ್ದು. ಬಟ್ಟೆಗೆ ಬೇಕಾಗುವುದು ಶಾಖಕ್ಕೆ ಅಂಟುವ ಎಚ್‌ಟಿವಿ, ಅಂದರೆ ಹೀಟ್ ಟ್ರಾನ್ಸ್‌ಫರ್ ವಿನೈಲ್. ಅದರ ವಿಷಯ ಕೊನೆಯಲ್ಲಿ ಹೇಳುತ್ತೇನೆ. ಮೊದಲ ಸಲಕ್ಕೆ ನೇರ ಮೈಯ ಸ್ಟೀಲ್ ಬಾಟಲಿ ತೆಗೆದುಕೊಳ್ಳಿ. ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವ ಲೋಟದ ಮೇಲೆ ನೇರ ಸಾಲು ಕೂಡ ಬಾಗಿದಂತೆ ಕಾಣುತ್ತದೆ.

ಅಕ್ಷರ ಜೋಡಿಸುವುದು

ಕನ್ನಡದಲ್ಲಿ ಹೆಸರು ಹಾಕುವವರು ಇಲ್ಲಿ ಸ್ವಲ್ಪ ನಿಧಾನಿಸಬೇಕು. ಮಷಿನ್ ಜೊತೆ ಬರುವ ಸಾಫ್ಟ್‌ವೇರ್‌ನಲ್ಲಿ ನೇರವಾಗಿ ಟೈಪ್ ಮಾಡಿದರೆ ಎಷ್ಟೋ ಸಲ ಒತ್ತಕ್ಷರ, ಗುಣಿತ ಚದುರಿಹೋಗುತ್ತವೆ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಹೆಸರು ಬರೆಯಿರಿ. ಪಾತ್ ಮೆನುವಿನಲ್ಲಿ ‘ಆಬ್ಜೆಕ್ಟ್ ಟು ಪಾತ್’, ಆಮೇಲೆ ‘ಯೂನಿಯನ್’ ಒತ್ತಿ, ಎಸ್‌ವಿಜಿ ಫೈಲ್ ಆಗಿ ಉಳಿಸಿ. ಯೂನಿಯನ್ ಮಾಡದಿದ್ದರೆ ಒಂದರ ಮೇಲೊಂದು ಬಂದ ಭಾಗಗಳ ಒಳಗೆರೆಯನ್ನೂ ಬ್ಲೇಡ್ ಕತ್ತರಿಸಿ ಅಕ್ಷರವನ್ನು ತುಂಡು ಮಾಡುತ್ತದೆ.

ಫಾಂಟ್ ದಪ್ಪಗಿರಲಿ. ‘ಬಾಲೂ ತಮ್ಮ’ ಎಂಬ ಫಾಂಟ್‌ನಂಥ ಗುಂಡು ಅಕ್ಷರ ಸಲೀಸಾಗಿ ಕತ್ತರಿಸುತ್ತದೆ, ಕೀಳುವಾಗ ಹರಿಯುವುದಿಲ್ಲ. ಎಳೆ ಎಳೆಯಾದ ಅಲಂಕಾರದ ಅಕ್ಷರ ತೆರೆಯ ಮೇಲೆ ಚಂದ, ಬಾಟಲಿ ಮೇಲೆ ತಲೆನೋವು. ಬಿಡಿಯಾಗಿ ನಿಂತ ಪುಟ್ಟ ಒತ್ತು ಇದ್ದರೆ ಅದನ್ನು ಮೇಲಕ್ಕೆ ಸರಿಸಿ ಅಕ್ಷರಕ್ಕೆ ತಾಗಿಸಿ. ಆಮೇಲೆ ಕಳೆದುಹೋಗುವುದಿಲ್ಲ.

ಅಳತೆಗೆ ನಾನು ನಂಬುವುದು ಕಾಗದವನ್ನು. ಹೆಸರನ್ನು ಪ್ರಿಂಟ್ ತೆಗೆದು, ಕತ್ತರಿಸಿ, ಬಾಟಲಿಗೆ ಟೇಪ್ ಹಾಕಿ ದೂರದಿಂದ ನೋಡಿ. ಸುತ್ತಳತೆಯ ಮೂರನೇ ಒಂದು ಭಾಗಕ್ಕಿಂತ ಉದ್ದವಾದರೆ ಹೆಸರಿನ ತುದಿಗಳು ಆಚೆ ಬದಿಗೆ ಮರೆಯಾಗುತ್ತವೆ.

ಕತ್ತರಿಸುವುದು

ಬಣ್ಣದ ಬದಿ ಮೇಲೆ ಬರುವಂತೆ ವಿನೈಲನ್ನು ಮಷಿನ್‌ನ ಅಂಟು ಮ್ಯಾಟ್ ಮೇಲೆ ಸುಕ್ಕಿಲ್ಲದೆ ಕೂರಿಸಿ. ಬ್ಲೇಡ್ ಕತ್ತರಿಸಬೇಕಾದ್ದು ವಿನೈಲನ್ನು ಮಾತ್ರ, ಅಡಿಯ ಕಾಗದ ಹಾಗೇ ಉಳಿಯಬೇಕು. 651ರ ದಪ್ಪ ಸುಮಾರು 0.06 ಮಿಲಿಮೀಟರ್ ಅಷ್ಟೇ. ಹಾಗಾಗಿ ಮೂಲೆಯಲ್ಲಿ ಸಣ್ಣ ಚೌಕ, ಅದರೊಳಗೊಂದು ತ್ರಿಕೋನ ಇಟ್ಟು ಮೊದಲು ಪರೀಕ್ಷಿಸಿ. ತ್ರಿಕೋನ ಅಲುಗದೆ ಸುತ್ತಲಿನ ಚೌಕ ಸಲೀಸಾಗಿ ಎದ್ದುಬಂದರೆ ಸೆಟ್ಟಿಂಗ್ ಸರಿ. ಎರಡೂ ಒಟ್ಟಿಗೆ ಎದ್ದರೆ ಒತ್ತಡ ಸ್ವಲ್ಪ ಏರಿಸಿ. ಕಾಗದವೂ ತೂತಾದರೆ ಇಳಿಸಿ. ಮೂಲೆಗಳು ಹರಿದಂತೆ ಬಂದರೆ ಬ್ಲೇಡ್ ತುದಿಗೆ ಚೂರು ಸಿಕ್ಕಿಕೊಂಡಿರಬಹುದು, ತೆಗೆದು ನೋಡಿ.

ಕಟ್ ಕೊಡುವ ಮುನ್ನ ಹೆಸರಿನ ಅಕ್ಷರಗಳನ್ನು ಇನ್ನೊಂದು ಸಲ ಓದಿ. ದೀರ್ಘ, ಹ್ರಸ್ವ, ಒತ್ತು ಎಲ್ಲ ಅವರು ಬರೆಯುವ ಹಾಗೆಯೇ ಇರಬೇಕು.

ಬೇಡದ್ದನ್ನು ಕೀಳುವುದು

ಇದಕ್ಕೆ ವೀಡಿಂಗ್ ಎನ್ನುತ್ತಾರೆ. ಒಂದು ಮೂಲೆಯಿಂದ ಹೊರಗಿನ ವಿನೈಲನ್ನು ಎತ್ತಿ, ಹಿಂದಕ್ಕೆ ಮಡಚಿದ ಹಾಗೆ, ನಿಧಾನವಾಗಿ ಎಳೆಯಿರಿ. ಮೇಲಕ್ಕೆ ನೇರ ಎಳೆದರೆ ಅಕ್ಷರವೂ ಜೊತೆಗೆ ಎದ್ದುಬರುತ್ತದೆ. ಆಮೇಲೆ ‘ಅ’ದ ಹೊಟ್ಟೆ, ‘ಠ’ದ ಒಳಗಿನ ಚುಕ್ಕಿಯ ಸುತ್ತಲಿನ ಜಾಗದಂಥ ಒಳಭಾಗಗಳನ್ನು ಸೂಜಿ ಅಥವಾ ಮೊನಚು ಚಿಮುಟದಿಂದ ತೆಗೆಯಿರಿ. ಗೆರೆ ಕಾಣದಿದ್ದರೆ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ.

ಅಂಟಿಸುವುದು

ಬಾಟಲಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಒಣಗಿಸಿ. ಬೆರಳಿನ ಜಿಡ್ಡೇ ವಿನೈಲ್‌ಗೆ ದೊಡ್ಡ ಶತ್ರು. ಒರೆಸಿದ ಮೇಲೆ ಆ ಜಾಗ ಮುಟ್ಟಬೇಡಿ.

ಅಕ್ಷರಗಳ ಮೇಲೆ ಟ್ರಾನ್ಸ್‌ಫರ್ ಟೇಪ್ (ಅಕ್ಷರಗಳನ್ನು ಇದ್ದ ಹಾಗೇ ಎತ್ತಿ ಬಾಟಲಿಗೆ ಸಾಗಿಸುವ ಅಂಟುಹಾಳೆ) ಹಾಕಿ, ಹಳೇ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಚೆನ್ನಾಗಿ ಉಜ್ಜಿ. ಹಾಳೆಯನ್ನು ಮಗುಚಿ ಹಿಂಬದಿಯ ಕಾಗದವನ್ನು ಬಿಡಿಸಿ. ಎಲ್ಲಾದರೂ ಅಕ್ಷರ ಕಾಗದದಲ್ಲೇ ಉಳಿದರೆ ವಾಪಸ್ ಮುಚ್ಚಿ, ಮತ್ತೆ ಉಜ್ಜಿ. ಟೇಪ್ ಅತಿಯಾಗಿ ಅಂಟುತ್ತಿದ್ದರೆ ಅದನ್ನೊಮ್ಮೆ ಬಟ್ಟೆಗೆ ಒತ್ತಿ ತೆಗೆದರೆ ಅಂಟು ತಗ್ಗುತ್ತದೆ.

ಹೆಸರು ಉದ್ದವಾಗಿದ್ದರೆ ಒಂದೇ ಏಟಿಗೆ ಅಂಟಿಸಲು ಹೋಗಬೇಡಿ. ಕಾಗದ ಬಿಡಿಸುವ ಮೊದಲೇ ಬಾಟಲಿ ಮೇಲೆ ಜಾಗ ನೋಡಿ, ಮಧ್ಯದಲ್ಲಿ ಮೇಲಿಂದ ಕೆಳಕ್ಕೆ ಒಂದು ಮಾಸ್ಕಿಂಗ್ ಟೇಪ್ ಪಟ್ಟಿ ಹಾಕಿ. ಈಗ ಹೆಸರು ಸರಿಯುವುದಿಲ್ಲ. ಬಲಗಡೆಯ ಅರ್ಧ ಎತ್ತಿ, ಅಲ್ಲಿನ ಕಾಗದ ಬಿಡಿಸಿ ಕತ್ತರಿಸಿ, ಮಧ್ಯದಿಂದ ಹೊರಕ್ಕೆ ಒತ್ತುತ್ತಾ ಬನ್ನಿ. ಆಮೇಲೆ ಪಟ್ಟಿ ತೆಗೆದು ಎಡಗಡೆಯದು. ಟ್ರಾನ್ಸ್‌ಫರ್ ಟೇಪನ್ನು ಬಾಟಲಿಗೆ ತಾಗಿದಂತೆ ಹಿಂದಕ್ಕೆ ಮಡಚಿ ಎಳೆಯಿರಿ. ಗಾಳಿಗುಳ್ಳೆ ಉಳಿದಿದ್ದರೆ ಸೂಜಿಯಿಂದ ಚುಚ್ಚಿ ಒತ್ತಿದರೆ ಸಾಕು.

ಅಂಟು ಪೂರ್ತಿ ಹಿಡಿಯಲು 72 ಗಂಟೆ ಬಿಡಿ, ಅಲ್ಲಿಯವರೆಗೆ ತೊಳೆಯಬೇಡಿ. ಬಾಯಿ ತಾಗುವ ಅಂಚಿಗೆ, ಪಾತ್ರೆಯ ಒಳಮೈಗೆ ಈ ವಿನೈಲ್ ಯಾವತ್ತೂ ಬೇಡ. ಇದು ಆಹಾರ ತಾಗುವ ಕಡೆಗೆಂದು ಮಾಡಿದ್ದಲ್ಲ.

ಟೀ ಶರ್ಟ್ ಆದರೆ

ಎಚ್‌ಟಿವಿಯನ್ನು ಕತ್ತರಿಸಲು ಮ್ಯಾಟ್ ಮೇಲೆ ಹೊಳೆಯುವ ಪ್ಲಾಸ್ಟಿಕ್ ಬದಿ ಕೆಳಗೆ ಮಾಡಿ ಇಡಬೇಕು. ವಿನ್ಯಾಸವನ್ನು ಮಿರರ್ ಮಾಡಲೇಬೇಕು, ಇಲ್ಲದಿದ್ದರೆ ಹೆಸರು ತಿರುವುಮುರುವು. ಬಟ್ಟೆಯ ತೇವ ಹೋಗಲು ಮೊದಲು ಕೆಲವು ಸೆಕೆಂಡ್ ಬಿಸಿ ಮಾಡಿ. ಸೈಸರ್ ಈಸಿವೀಡ್ ಎಂಬ ಎಚ್‌ಟಿವಿಗೆ ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ 10ರಿಂದ 15 ಸೆಕೆಂಡ್ ಸಾಕು. ಬೇರೆ ಬ್ರ್ಯಾಂಡ್‌ಗೆ ಅದರ ಸೂಚನೆ ಪಾಲಿಸಿ. ಇಸ್ತ್ರಿಪೆಟ್ಟಿಗೆ ಬಳಸುವುದಾದರೆ ಸ್ಟೀಮ್ ಆಫ್ ಇರಲಿ. ಆಚೀಚೆ ಉಜ್ಜದೆ, ಗಟ್ಟಿಯಾಗಿ ಒತ್ತಿ ಹಿಡಿದು, ಎತ್ತಿ ಪಕ್ಕಕ್ಕಿಡಿ. 24 ಗಂಟೆ ಕಳೆದ ಮೇಲೆ ಒಳಮಗ್ಗಲು ಮಾಡಿ ಒಗೆಯಬಹುದು.

ಉಡುಗೊರೆ ಕಟ್ಟುವಾಗ ಒಂದು ಚೀಟಿ ಸೇರಿಸಿ: ಬಾಟಲಿಯನ್ನು ಕೈಯಲ್ಲೇ ತೊಳೆಯಿರಿ, ನೆನೆಸಿಡಬೇಡಿ, ಹೆಸರಿನ ಮೇಲೆ ಗಟ್ಟಿ ಬ್ರಷ್ ಹಾಕಬೇಡಿ.