ಕುಣಿಕೆಗೂ ಎರಡು ಕಾಲು: ನಾನು ಹೆಣಿಗೆ ಕಲಿತ ಬಗೆ

ಹೆಣಿಗೆಯಲ್ಲಿ ಇರುವುದು ಎರಡೇ ಹೊಲಿಗೆ, ಸೀದಾ ಮತ್ತು ಉಲ್ಟಾ, ಇವೆರಡು ಕೈಗೆ ಹತ್ತಿದರೆ ಮುಗೀತು ಅಂತ ಕಲಿಸುವವರೆಲ್ಲ ಹೇಳುತ್ತಾರೆ. ನನ್ನ ಪ್ರಕಾರ ಇರುವುದು ಒಂದೇ. ಹೊಸ ಕುಣಿಕೆಯನ್ನು ಹಳೆಯ ಕುಣಿಕೆಯ ಒಳಗಿಂದ ನಮ್ಮ ಕಡೆಗೆ ಎಳೆದರೆ ಸೀದಾ. ಆಚೆ ಕಡೆಗೆ ತಳ್ಳಿದರೆ ಉಲ್ಟಾ. ಸೀದಾ ಹಾಕಿದ ಹೊಲಿಗೆಯನ್ನು ತಿರುಗಿಸಿ ನೋಡಿದರೆ ಹಿಂದೆ ಉಲ್ಟಾ ಕೂತಿರುತ್ತದೆ. ಇಷ್ಟು ಗೊತ್ತಾದ ಮೇಲೆ ನನ್ನ ಅರ್ಧ ಗೊಂದಲ ಹೋಯಿತು.

ನನಗೆ ಕಲಿಸಿದ್ದು ಚಿಕ್ಕಮ್ಮ. ಅವರು ಯಾವ ಪುಸ್ತಕವನ್ನೂ ನೋಡಿದವರಲ್ಲ. ಟಿವಿ ನೋಡುತ್ತಾ, ಮಾತಾಡುತ್ತಾ ಹೆಣೆಯುತ್ತಾರೆ. ನಾನು ಪಕ್ಕದಲ್ಲಿ ಕೂತು "ಒಂದು ಸೀದಾ, ಒಂದು ಉಲ್ಟಾ" ಅಂತ ಗೊಣಗುತ್ತಿದ್ದರೆ ಅವರದ್ದು ಒಂದೇ ಮಾತು: "ಎಣಿಸ್ಬೇಡ ಕಣೇ, ನೋಡು." ಏನನ್ನು ನೋಡಬೇಕು ಅಂತ ಮಾತ್ರ ಹೇಳುತ್ತಿರಲಿಲ್ಲ. ಅವರಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಬಿಡಿಸಿ ಹೇಳಬೇಕಾದ ವಿಷಯ ಅಂತಲೇ ಅನ್ನಿಸಿರಲಿಕ್ಕಿಲ್ಲ.

ನೋಡಬೇಕಾದ್ದು ಇದು. ಸೀದಾ ಹೊಲಿಗೆ ಕಡ್ಡಿಯ ಕೆಳಗೆ ಪುಟ್ಟ ವಿ ಆಕಾರದಲ್ಲಿ ಕಾಣುತ್ತದೆ. ಉಲ್ಟಾ ಹೊಲಿಗೆಯ ಬುಡದಲ್ಲಿ ಅಡ್ಡಕ್ಕೆ ಒಂದು ಉಬ್ಬು ಇರುತ್ತದೆ. ವಿ ಮೇಲೆ ಸೀದಾ, ಉಬ್ಬಿನ ಮೇಲೆ ಉಲ್ಟಾ ಹಾಕುತ್ತಾ ಹೋದರೆ ರಿಬ್. ಸ್ವೆಟರಿನ ತುದಿಯಲ್ಲಿ, ಮುಂಗೈ ಹತ್ತಿರ ಇರುತ್ತಲ್ಲ, ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಪಟ್ಟಿ, ಅದು. ಇದನ್ನೇ ತಿರುಗುಮುರುಗು ಮಾಡಿ, ವಿ ಮೇಲೆ ಉಲ್ಟಾ, ಉಬ್ಬಿನ ಮೇಲೆ ಸೀದಾ ಹಾಕಿದರೆ ಕಾಳು ಚೆಲ್ಲಿದಂತೆ ಕಾಣುವ ಸೀಡ್ ಸ್ಟಿಚ್. ಸಾಲಿನಲ್ಲಿ ಕುಣಿಕೆಗಳ ಲೆಕ್ಕ ಬೆಸವೋ ಸಮವೋ, ಈ ಸಾಲು ಯಾವುದರಿಂದ ಶುರು, ಇದೆಲ್ಲ ನೆನಪಿಡುವ ಕೆಲಸವೇ ಇಲ್ಲ. ಫೋನ್ ಬಂದು ಎದ್ದು ಹೋಗಿ ವಾಪಸ್ ಬಂದರೂ ಕಡ್ಡಿಯ ಮೇಲೆ ಉತ್ತರ ಬರೆದಿಟ್ಟ ಹಾಗೆ ಇರುತ್ತದೆ.

ಹಾಗಾಗಿ ಹೊಸಬರಿಗೆ ನಾನು ಹೇಳುವುದು: ಮೊದಲ ನೂಲು ತಿಳಿ ಬಣ್ಣದ್ದಿರಲಿ, ನುಣುಪಾಗಿರಲಿ, ತೀರಾ ಸಣ್ಣದೂ ಬೇಡ. ಕಪ್ಪು, ಕಡು ನೀಲಿ ಬಣ್ಣದಲ್ಲಿ ವಿ ಯಾವುದು ಉಬ್ಬು ಯಾವುದು ಅಂತ ಕಾಣುವುದೇ ಇಲ್ಲ. ಮೋಹೇರ್ ತರಹದ ರೋಮ ಎದ್ದ ನೂಲಂತೂ ಬೇಡವೇ ಬೇಡ. ನೋಡಲು ಚೆಂದ, ಆದರೆ ಬಿಚ್ಚಲು ಹೋದರೆ ರೋಮಕ್ಕೆ ರೋಮ ಸಿಕ್ಕಿಕೊಂಡು ಕೂರುತ್ತದೆ. ಕಡ್ಡಿ 4 ಅಥವಾ 5 ಮಿಲಿಮೀಟರಿನ ಬಿದಿರಿನದ್ದು ಒಳ್ಳೆಯದು. ಲೋಹದ ಕಡ್ಡಿಯಲ್ಲಿ ಕೈ ಓಡುತ್ತದೆ ನಿಜ, ಕುಣಿಕೆಯೂ ಓಡುತ್ತದೆ. ಇನ್ನೊಂದು ಮಾತು, ಕಡ್ಡಿಯನ್ನು ಮಿಲಿಮೀಟರಿನಲ್ಲೇ ಕೇಳಿ. ಹಳೆಯ ಬ್ರಿಟಿಷ್ ಲೆಕ್ಕದಲ್ಲಿ 8ನೇ ನಂಬರ್ ಅಂದರೆ 4 ಮಿಲಿಮೀಟರ್, ಅಮೆರಿಕದ ಲೆಕ್ಕದಲ್ಲಿ ಅದೇ 8 ಅಂದರೆ 5. ಅಷ್ಟೇ ಅಲ್ಲ, ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ, ಅಮೆರಿಕದ್ದರಲ್ಲಿ ದಪ್ಪ.

ನಾನು ಮಫ್ಲರಿನಿಂದ ಶುರು ಮಾಡಲಿಲ್ಲ. ಅಷ್ಟುದ್ದ ಒಂದೇ ಹೊಲಿಗೆ ಹಾಕಿದರೆ ಕಲಿಯುವುದು ಒಂದು ಹೊಲಿಗೆ, ಬರುವುದು ನಿದ್ದೆ. ಬದಲಿಗೆ ಅಂಗೈ ಅಗಲದ ಚೌಕಗಳನ್ನು ಹೆಣೆದೆ, ಚೌಕಕ್ಕೊಂದು ಹೊಸ ವಿಷಯ. ಎಲ್ಲ ಸಾಲೂ ಸೀದಾ ಹಾಕಿದರೆ ಗಾರ್ಟರ್. ಎರಡೂ ಬದಿ ಒಂದೇ ತರಹ, ಎರಡು ಸಾಲಿಗೆ ಒಂದು ಏರು, ಮೇಜಿನ ಮೇಲೆ ಇಟ್ಟರೆ ಸಪಾಟಾಗಿ ಮಲಗುತ್ತದೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕಿದರೆ ಸ್ಟಾಕಿನೆಟ್. ಅಂಗಡಿ ಸ್ವೆಟರಿನ ನುಣುಪು ಬರುತ್ತದೆ, ಆದರೆ ಸುಮ್ನೆ ಬಿಟ್ಟರೆ ಸುರುಳಿ ಸುತ್ತಿಕೊಳ್ಳುತ್ತದೆ. ಪಕ್ಕದ ಅಂಚುಗಳು ಹಿಂದಕ್ಕೆ, ಮೇಲೆ ಕೆಳಗಿನ ಅಂಚುಗಳು ಮುಂದಕ್ಕೆ. ಇದು ಯಾರ ಕೈದೋಷವೂ ಅಲ್ಲ. ಕುಣಿಕೆಯ ಮುಂಭಾಗಕ್ಕೂ ಹಿಂಭಾಗಕ್ಕೂ ಎಳೆತ ಬೇರೆ ಬೇರೆ. ಇಸ್ತ್ರಿ ಹಾಕಿದರೂ ಪೂರ್ತಿ ನಿಲ್ಲುವುದಿಲ್ಲ. ಸುತ್ತಲೂ ನಾಲ್ಕೈದು ಕುಣಿಕೆ ಅಗಲದ ಗಾರ್ಟರ್ ಅಥವಾ ಸೀಡ್ ಸ್ಟಿಚ್ ಅಂಚು ಕೊಟ್ಟರೆ ಸುಮಾರಾಗಿ ಹತೋಟಿಗೆ ಬರುತ್ತದೆ.

ಈಗ ಕಾಲುಗಳ ವಿಷಯ. ಕಡ್ಡಿಯ ಮೇಲೆ ಕೂತ ಪ್ರತಿ ಕುಣಿಕೆಗೂ ಎರಡು ಕಾಲಿರುತ್ತವೆ, ಒಂದು ಕಡ್ಡಿಯ ಮುಂದೆ, ಒಂದು ಹಿಂದೆ. ಸಾಮಾನ್ಯವಾಗಿ ಬಲಗಾಲು ಮುಂದಿರುತ್ತದೆ. ಅಚ್ಚಾದ ಪ್ಯಾಟರ್ನ್‌ಗಳನ್ನೆಲ್ಲ, ಅಂದರೆ ಸಾಲು ಸಾಲಾಗಿ ಹೇಗೆ ಹೆಣೆಯಬೇಕು ಅನ್ನುವ ಸೂಚನೆಗಳನ್ನು, ಹಾಗೇ ಇದೆ ಅಂದುಕೊಂಡೇ ಬರೆದಿರುತ್ತಾರೆ. ಚಿಕ್ಕಮ್ಮ ನೂಲನ್ನು ಎಡಗೈಯಲ್ಲಿ ಹಿಡಿಯುತ್ತಾರೆ. ಉಲ್ಟಾ ಹಾಕುವಾಗ ನೂಲನ್ನು ಕಡ್ಡಿಯ ಮೇಲಿಂದ ಸುತ್ತದೆ, ಕಡ್ಡಿಯ ತುದಿಯಿಂದ ಕೆಳಗಡೆಯಿಂದಲೇ ಗಬಕ್ಕನೆ ಎಳೆದುಕೊಂಡು ಬಿಡುತ್ತಾರೆ. ಬಹಳ ಚುರುಕು. ಆದರೆ ಹಾಗೆ ಮಾಡಿದಾಗ ಕುಣಿಕೆ ತಿರುಗಿ ಕೂರುತ್ತದೆ, ಬಲಗಾಲು ಹಿಂದೆ ಹೋಗುತ್ತದೆ. ಮುಂದಿನ ಸಾಲಿನಲ್ಲಿ ಅವರ ಕೈ ತಾನಾಗಿಯೇ ಹಿಂಗಾಲಿಗೆ ಕಡ್ಡಿ ಹಾಕುತ್ತದೆ, ಎಲ್ಲ ಸರಿಹೋಗುತ್ತದೆ. ಉಲ್ಟಾ ಮಾತ್ರ ಅವರ ತರಹ ಹಾಕಿ, ಸೀದಾವನ್ನು ಪುಸ್ತಕದ ತರಹ ಮುಂಗಾಲಿಗೆ ಹಾಕಿದರೆ? ಪ್ರತಿ ವಿ ಬುಡದಲ್ಲಿ ತಿರುಚಿಕೊಂಡು ಕತ್ತರಿಯ ಹಾಗೆ ಒಂದರ ಮೇಲೊಂದು ಕಾಲು ಬರುತ್ತದೆ, ಬಟ್ಟೆ ಬಿಗಿಯಾಗುತ್ತದೆ.

ಇದಕ್ಕೆ ಒಂದೇ ಸೂತ್ರ ಇಟ್ಟುಕೊಂಡೆ: ಯಾವ ಕಾಲು ಬಲಕ್ಕಿದೆಯೋ ಆ ಕಾಲಿಗೆ ಕಡ್ಡಿ ಹಾಕು. ಅದು ಮುಂದಿರಲಿ, ಹಿಂದಿರಲಿ. ಕುಣಿಕೆ ತಿರುಚುವುದಿಲ್ಲ. ನೂಲನ್ನು ಎಡಗೈಯಲ್ಲಿ ಹಿಡಿಯಬೇಕೋ ಬಲಗೈಯಲ್ಲೋ ಅಂತ ಹೆಣೆಯುವವರು ಗಂಟೆಗಟ್ಟಲೆ ವಾದ ಮಾಡುತ್ತಾರೆ. ನನಗೆ ಅದು ದೊಡ್ಡ ವಿಷಯ ಅನ್ನಿಸುವುದಿಲ್ಲ. ಕಾಲು ಗೊತ್ತಿದ್ದರೆ ಯಾವ ಕೈಯಾದರೇನು.

ಕಾಲುಗಳ ಲೆಕ್ಕ ನಿಜವಾಗಿ ಬೇಕಾಗುವುದು ಕುಣಿಕೆ ಕಡಿಮೆ ಮಾಡುವಾಗ. ಎರಡು ಕುಣಿಕೆ ಸೇರಿಸಿ ಒಂದೇ ಸೀದಾ ಹಾಕಿದರೆ ಅದು ಬಲಕ್ಕೆ ವಾಲುತ್ತದೆ. ಎಡಕ್ಕೆ ವಾಲಬೇಕಾದರೆ ಎರಡನ್ನೂ ಒಂದೊಂದಾಗಿ, ಸೀದಾ ಹಾಕುವವರ ಹಾಗೆ ಬಲಗಡ್ಡಿಗೆ ದಾಟಿಸಿ, ಆಮೇಲೆ ಹಿಂಗಾಲುಗಳಿಂದ ಸೇರಿಸಿ ಹೆಣೆಯಬೇಕು. ದಾಟಿಸುವುದು ಯಾಕೆ ಅಂದರೆ ಕಾಲು ತಿರುಗಿಸಲಿಕ್ಕೆ, ಮತ್ತೇನಲ್ಲ. ಚಿಕ್ಕಮ್ಮನ ರೀತಿಯಲ್ಲಿ ಕಾಲು ಮೊದಲೇ ತಿರುಗಿರುವುದರಿಂದ ಅವರಿಗೆ ದಾಟಿಸುವ ಕೆಲಸವೇ ಇಲ್ಲ, ನೇರವಾಗಿ ಹಿಂಗಾಲಿಗೆ ಹಾಕಿದರೆ ಎಡಕ್ಕೆ ವಾಲುತ್ತದೆ. ಬಲಕ್ಕೆ ವಾಲಿಸಬೇಕಾದಾಗ ಅವರು ತಿರುಗಿಸಬೇಕು. ಕತ್ತಿನ ಪಟ್ಟಿಯ ಎರಡು ಬದಿ ಕನ್ನಡಿಯಲ್ಲಿ ನೋಡಿದಂತೆ ಒಂದಕ್ಕೊಂದು ಎದುರಾಗಿ ಕೂರುವುದು ಈ ಎಡ ಬಲದಿಂದಲೇ.

ಕುಣಿಕೆ ಜಾರಿದರೆ ಹೆದರುವವರು ಜಾಸ್ತಿ. ನಾನಂತೂ ಬೇಕೆಂದೇ ಜಾರಿಸಿ ಅಭ್ಯಾಸ ಮಾಡಿದೆ. ಸ್ಟಾಕಿನೆಟ್ ಚೌಕದ ನಡುವೆ ಒಂದು ಕುಣಿಕೆಯನ್ನು ಕಡ್ಡಿಯಿಂದ ಬಿಟ್ಟು, ಮೆಲ್ಲಗೆ ಎಳೆದೆ. ನಾಲ್ಕೈದು ಸಾಲು ಕೆಳಗಿಳಿದು ನಿಂತಿತು. ಮೇಲೆ ಏಣಿಯ ಮೆಟ್ಟಿಲುಗಳಂತೆ ಅಡ್ಡ ನೂಲುಗಳು. ಸೀದಾ ಬದಿ ನಮ್ಮ ಕಡೆಗಿಟ್ಟು, ಕ್ರೋಶಾ ಕಡ್ಡಿಯನ್ನು ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿ, ಎಲ್ಲಕ್ಕಿಂತ ಕೆಳಗಿನ ಅಡ್ಡ ನೂಲನ್ನು ಕೊಕ್ಕೆಗೆ ಸಿಕ್ಕಿಸಿ ಮುಂದಕ್ಕೆ ಎಳೆಯಬೇಕು. ಒಂದು ವಿ ಸಿದ್ಧ. ಮತ್ತೆ ಅದರ ಮೇಲಿನ ನೂಲು, ಹೀಗೇ ಮೇಲಿನ ತನಕ. ಕೊನೆಗೆ ಬಲಗಾಲು ಮುಂದೆ ಬರುವ ಹಾಗೆ ಎಡಗಡ್ಡಿಗೆ ಏರಿಸಿದರೆ ಆಯಿತು. ಅಡ್ಡ ನೂಲುಗಳನ್ನು ಕೆಳಗಿನಿಂದ ಒಂದೊಂದಾಗಿ, ಒಂದನ್ನೂ ಬಿಡದೆ ತೆಗೆದುಕೊಳ್ಳಬೇಕು, ಬಿಟ್ಟರೆ ಹಿಂದೆ ಒಂದು ನೂಲು ಜೋತು ಬೀಳುತ್ತದೆ. ಗಾರ್ಟರ್‌ನಲ್ಲಿ ಕೆಲಸ ಸ್ವಲ್ಪ ಜಾಸ್ತಿ. ಪ್ರತಿ ಮೆಟ್ಟಿಲಿಗೂ ಬದಿ ಬದಲಿಸಬೇಕು, ಒಂದು ಮುಂದಿನಿಂದ, ಒಂದು ಹಿಂದಿನಿಂದ. ಈ ಒಂದು ಅಭ್ಯಾಸದಿಂದ ಹೊಲಿಗೆ ಹೇಗೆ ಕಟ್ಟಿಕೊಂಡಿದೆ ಅನ್ನುವುದು ನನಗೆ ಎಷ್ಟು ಚೆನ್ನಾಗಿ ತಿಳಿಯಿತೆಂದರೆ, ಯಾವ ವಿಡಿಯೋದಿಂದಲೂ ಅಷ್ಟು ತಿಳಿದಿರಲಿಲ್ಲ.

ಕೇಬಲ್, ಅಂದರೆ ಸ್ವೆಟರಿನ ಮೇಲೆ ಜಡೆ ಹಾಕಿದಂತೆ ಕಾಣುವ ಹೆಣಿಗೆ, ನೋಡಿದವರೆಲ್ಲ ಅಯ್ಯೋ ಎಷ್ಟು ಕಷ್ಟ ಅನ್ನುತ್ತಾರೆ. ಕಷ್ಟ ಏನಿಲ್ಲ, ಕುಣಿಕೆಗಳ ಸರದಿ ಬದಲಿಸುವುದು ಅಷ್ಟೇ. ಆರು ಕುಣಿಕೆಯ ಜಡೆಯಾದರೆ ಮೂರನ್ನು ಬೇರೊಂದು ಪುಟ್ಟ ಕಡ್ಡಿಗೆ ಹಾಕಿ ಮುಂದೆ ಬಿಡಿ, ಎಡಗಡ್ಡಿಯಲ್ಲಿ ಉಳಿದ ಮೂರನ್ನು ಮೊದಲು ಹೆಣೆಯಿರಿ, ಆಮೇಲೆ ಪುಟ್ಟ ಕಡ್ಡಿಯ ಮೂರು. ಜಡೆ ಎಡಕ್ಕೆ ಹೊರಳುತ್ತದೆ. ಪುಟ್ಟ ಕಡ್ಡಿಯನ್ನು ಹಿಂದೆ ಬಿಟ್ಟರೆ ಬಲಕ್ಕೆ. ಎರಡೂ ಪಕ್ಕದಲ್ಲಿ ಉಲ್ಟಾ ಕುಣಿಕೆಗಳಿದ್ದರೆ ಜಡೆ ಎದ್ದು ಕಾಣುತ್ತದೆ. ಒಂದು ಎಚ್ಚರ ಇರಲಿ, ಕೇಬಲ್ ಬಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಅಷ್ಟೇ ಅಗಲಕ್ಕೆ ಜಾಸ್ತಿ ಕುಣಿಕೆ ಬೇಕು.

ಲೇಸ್ ಹಾಗಲ್ಲ. ಅಲ್ಲಿ ಲೆಕ್ಕವೇ ಎಲ್ಲ. ಕಡ್ಡಿಗೆ ನೂಲು ಸುತ್ತಿ ಒಂದು ತೂತು ಮಾಡಿದರೆ ಒಂದು ಕುಣಿಕೆ ಹೆಚ್ಚಾಗುತ್ತದೆ, ಅದಕ್ಕೆ ಸರಿಯಾಗಿ ಇನ್ನೆಲ್ಲೋ ಎರಡನ್ನು ಸೇರಿಸಿ ಒಂದು ಕಡಿಮೆ ಮಾಡಿರುತ್ತಾರೆ. ಒಂದು ಸುತ್ತು ಮರೆತರೂ ಚಿತ್ತಾರ ಪಕ್ಕಕ್ಕೆ ಸರಿದು ಹೋಗುತ್ತದೆ. ಲೇಸಿನ ಮಟ್ಟಿಗೆ ಚಿಕ್ಕಮ್ಮನ ಮಾತು ಅರ್ಧ ಮಾತ್ರ ನಿಜ, ನೋಡಲೂ ಬೇಕು, ಎಣಿಸಲೂ ಬೇಕು. ಕೆಲವು ಸಾಲಿಗೊಮ್ಮೆ ಬೇರೆ ಬಣ್ಣದ ತೆಳ್ಳನೆ ನೂಲನ್ನು ದಪ್ಪ ಸೂಜಿಯಲ್ಲಿ ಪೋಣಿಸಿ, ಕಡ್ಡಿಯ ಮೇಲಿನ ಎಲ್ಲ ಕುಣಿಕೆಗಳ ಒಳಗಿಂದ ಹಾಯಿಸಿ ಬಿಡುತ್ತೇನೆ. ಮುಂದೆ ಏನಾದರೂ ಎಡವಟ್ಟಾದರೆ ಕಡ್ಡಿ ಎಳೆದು ಧೈರ್ಯವಾಗಿ ಬಿಚ್ಚಬಹುದು, ಆ ನೂಲಿನ ಹತ್ತಿರ ಬಂದು ತಾನಾಗಿ ನಿಲ್ಲುತ್ತದೆ.

ಗೇಜ್, ಅಂದರೆ ಇಷ್ಟು ಅಗಲಕ್ಕೆ ಎಷ್ಟು ಕುಣಿಕೆ ಅನ್ನುವ ಲೆಕ್ಕ, ಅದರ ಬಗ್ಗೆ ಯಾರಿಗೂ ಆಸಕ್ತಿ ಇರುವುದಿಲ್ಲ, ಆದರೂ ಹೇಳುತ್ತೇನೆ. 10 ಸೆಂಟಿಮೀಟರ್ ಅಗಲದಲ್ಲಿ 20 ಕುಣಿಕೆ ಅಂತ ಪ್ಯಾಟರ್ನ್ ಹೇಳುತ್ತದೆ, ನಿಮ್ಮ ಕೈಯಲ್ಲಿ 22 ಬರುತ್ತಿದೆ ಅಂದುಕೊಳ್ಳಿ. ಎರಡೇ ತಾನೇ ಅನ್ನಿಸುತ್ತದೆ ಅಲ್ವಾ? 200 ಕುಣಿಕೆಯ ಸ್ವೆಟರ್ 100 ಸೆಂಟಿಮೀಟರ್ ಸುತ್ತಳತೆ ಬರಬೇಕಾದದ್ದು 91ಕ್ಕೆ ನಿಲ್ಲುತ್ತದೆ. ಮೈಗೇ ಏರುವುದಿಲ್ಲ. ಮಾದರಿ ತುಂಡನ್ನು ದೊಡ್ಡದಾಗಿಯೇ ಹೆಣೆದು, ಒಗೆದು, ಒಣಗಿಸಿ, ಅಂಚು ಬಿಟ್ಟು ನಡುವೆ ಅಳೆಯಬೇಕು. ಒಗೆಯದೆ ಅಳೆದ ಲೆಕ್ಕಕ್ಕೆ ಅರ್ಥವಿಲ್ಲ, ಉಣ್ಣೆ ನೀರಿಗೆ ಬಿದ್ದ ಮೇಲೆ ಅರಳಿಕೊಳ್ಳುತ್ತದೆ. ಸಂಖ್ಯೆ ಹೊಂದದಿದ್ದರೆ ಕೈ ಬಿಗಿ ಸಡಿಲ ಮಾಡಲು ಹೋಗಬೇಡಿ, ಕಡ್ಡಿ ಬದಲಿಸಿ. ಕೈಗೆ ಅದರದ್ದೇ ಸ್ವಭಾವ ಇರುತ್ತದೆ, ಹೇಳಿದರೆ ಹತ್ತು ನಿಮಿಷ ಕೇಳುತ್ತದೆ ಅಷ್ಟೇ. ಅಕ್ರಿಲಿಕ್ ನೂಲಾದರೆ ಬಿಸಿ ಇಸ್ತ್ರಿ ಪೆಟ್ಟಿಗೆ ತಾಗಿಸಲೇಬೇಡಿ. ನೂಲು ಮೆತ್ತಗಾಗಿ ಜೋತು ಬೀಳುತ್ತದೆ, ಮತ್ತೆ ಹಳೆಯ ಪುಟಿತ ಬರುವುದಿಲ್ಲ.

ಶುರುವಿನ ಸಾಲು ಮತ್ತು ಮುಗಿಸುವ ಸಾಲು ಎರಡೂ ಬಿಗಿಯಾಗುವುದು ಎಲ್ಲರ ದೂರು. ಶುರುವಿನಲ್ಲಿ ಎರಡು ಕಡ್ಡಿ ಜೋಡಿಸಿ ಹಾಕಿ ಅನ್ನುತ್ತಾರೆ. ನನಗೆ ಅದರಿಂದ ಕುಣಿಕೆ ದೊಡ್ಡದಾಯಿತೇ ಹೊರತು ಅಂಚು ಹಿಗ್ಗಲಿಲ್ಲ. ಕುಣಿಕೆ ಕುಣಿಕೆ ನಡುವೆ ಸ್ವಲ್ಪ ಜಾಗ ಬಿಟ್ಟಾಗ ಹಿಗ್ಗಿತು. ಮುಗಿಸುವಾಗ ಮಾತ್ರ ಬಲಗೈಗೆ ಒಂದು ಸೈಜ್ ದಪ್ಪ ಕಡ್ಡಿ ಹಿಡಿಯುತ್ತೇನೆ.

ಈಗ ಕಾಲುಚೀಲದ ಹುಚ್ಚು. ಸುತ್ತಿಗೆ ಸುತ್ತು ಹೆಣೆಯುವುದರಿಂದ ಯಾವಾಗಲೂ ಸೀದಾ ಬದಿಯೇ ನಮ್ಮ ಎದುರಿಗಿರುತ್ತದೆ, ರಿಬ್ ಪಟ್ಟಿ ಬಿಟ್ಟರೆ ಉಲ್ಟಾ ಹಾಕುವ ಗೋಜು ಕಡಿಮೆ. ಮೊದಲ ಸುತ್ತು ಕೂಡಿಸುವಾಗ ಮಾತ್ರ ಅಂಚು ಎಲ್ಲೂ ತಿರುಚಿಲ್ಲ ಅಂತ ನೋಡಿಕೊಳ್ಳಬೇಕು, ತಿರುಚಿದ್ದರೆ ಆಮೇಲೆ ಪೂರ್ತಿ ಬಿಚ್ಚುವುದೇ ದಾರಿ. ಈಜಿಪ್ಟಿನಲ್ಲಿ ಸಿಕ್ಕ ಬಹಳ ಹಳೆಯ ಕಾಲುಚೀಲಗಳನ್ನೂ ಹೀಗೆ ಸುತ್ತಿಗೆ ಸುತ್ತು ಸೀದಾದಲ್ಲೇ ಹೆಣೆದಿದ್ದಾರೆ. ಉಲ್ಟಾ ಹೊಲಿಗೆಯ ಹಳೆಯ ಉದಾಹರಣೆ ಅಂತ ಹೆಣಿಗೆಯ ಚರಿತ್ರೆ ಬರೆಯುವವರು ತೋರಿಸುವುದು 1562ರಲ್ಲಿ ತೀರಿಕೊಂಡ ಇಟಲಿಯ ಫ್ಲಾರೆನ್ಸಿನ ದೊರೆಯ ಹೆಂಡತಿ ಎಲಿಯೊನೋರಾ ಡಿ ಟೊಲೆಡೊಳ ಸಮಾಧಿಯಲ್ಲಿ ಸಿಕ್ಕ ಕೆಂಪು ರೇಷ್ಮೆಯ ಕಾಲುಚೀಲವನ್ನು. ಉಲ್ಟಾ ಅಂದರೆ ಮುಖ ಸಿಂಡರಿಸುವವರಿಗೆ ಇದನ್ನು ಹೇಳಿದರೆ ಸ್ವಲ್ಪ ಸಮಾಧಾನವಾಗುತ್ತದೆ.

ಕಾಲುಚೀಲದ ಬೆರಳಿನ ತುದಿಯಲ್ಲಿ ಎರಡು ಕಡ್ಡಿಗಳ ಕುಣಿಕೆಗಳನ್ನು ಸೂಜಿಯಿಂದ ಗುರುತೇ ಕಾಣದ ಹಾಗೆ ಬೆಸೆಯಬೇಕು, ಕಿಚನರ್ ಸ್ಟಿಚ್ ಅನ್ನುತ್ತಾರೆ. ಮುಂದಿನ ಕಡ್ಡಿಯ ಮೊದಲನೆಯದಕ್ಕೆ ಸೀದಾ ತರಹ ಸೂಜಿ ಹಾಕಿ ಇಳಿಸು, ಎರಡನೆಯದಕ್ಕೆ ಉಲ್ಟಾ ತರಹ ಹಾಕಿ ಬಿಡು; ಹಿಂದಿನ ಕಡ್ಡಿಯ ಮೊದಲನೆಯದಕ್ಕೆ ಉಲ್ಟಾ, ಇಳಿಸು, ಎರಡನೆಯದಕ್ಕೆ ಸೀದಾ, ಬಿಡು. ಮಂತ್ರದ ಹಾಗೆ ಉರು ಹೊಡೆದರೆ ನಡುವೆ ಎಲ್ಲಿದ್ದೆ ಅಂತ ತಪ್ಪಿಯೇ ತಪ್ಪುತ್ತದೆ. ನಾನು ಒಂದು ಸ್ಟಾಕಿನೆಟ್ ಚೌಕ ತೆಗೆದುಕೊಂಡು, ಬೇರೆ ಬಣ್ಣದ ನೂಲನ್ನು ಸೂಜಿಗೆ ಪೋಣಿಸಿ, ಈಗಾಗಲೇ ಇರುವ ಒಂದು ಸಾಲಿನ ನೂಲು ಎಲ್ಲೆಲ್ಲಿ ಹೋಗಿದೆಯೋ ಅದರ ಮೇಲೆಯೇ ಹೊಲಿದೆ. ಮೇಲಿನ ವಿ ಬುಡಕ್ಕೆ ಹೋಗಿ, ಕೆಳಗಿನ ವಿ ಒಳಗೆ ಇಳಿದು, ಮತ್ತೆ ಮೇಲೆ. ಬೆಸೆಯುವುದೂ ಅದೇ ದಾರಿ, ಆದರೆ ಅಲ್ಲಿ ಇಲ್ಲದ ಸಾಲನ್ನು ಸೂಜಿಯಿಂದ ಹೆಣೆಯುತ್ತಿದ್ದೇವೆ. ಈಗ ಸಾಲಿನ ನಡುವೆ ನಿಲ್ಲಿಸಿದರೂ ನೂಲು ಎಲ್ಲಿಂದ ಹೊರಬಂದಿದೆ ಅಂತ ನೋಡಿ ಮುಂದುವರಿಸಬಲ್ಲೆ. ಹಾಗಂತ ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ನಾನು ಉತ್ತರ ಕೊಡುವುದಿಲ್ಲ.