ಅಭ್ಯಾಸಕ್ಕೊಂದು ಪುಟ್ಟ ರೆಕಾರ್ಡರ್: ಆರಿಸುವುದು ಹೇಗೆ?

ಎರಡು ಗಂಟೆ ಜ್ಯಾಮ್ ಮಾಡಿದ್ದೆವು, ಅಂದರೆ ತಂಡದವರೆಲ್ಲ ಕೂತು ಮನಸ್ಸಿಗೆ ಬಂದಂತೆ ಒಟ್ಟಿಗೆ ನುಡಿಸಿದ್ದೆವು. ಅವತ್ತು ಎಲ್ಲರ ಕೈಯೂ ಚೆನ್ನಾಗಿ ಓಡಿತ್ತು. ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡರೆ ರೆಕಾರ್ಡರಿನಲ್ಲಿ ಫೈಲೇ ಇಲ್ಲ! ಆಮೇಲೆ ಗೊತ್ತಾಯಿತು, ಅದರ ಕೆಂಪು ಗುಂಡಿಯನ್ನು ಎರಡು ಸಲ ಒತ್ತಬೇಕಿತ್ತು. ಮೊದಲ ಸಲ ಒತ್ತಿದರೆ ಅದು ಬರೀ ಸಿದ್ಧವಾಗಿ ನಿಲ್ಲುತ್ತದೆ. ಸದ್ದಿನ ಮಟ್ಟ ತೋರಿಸುವ ಲೆವೆಲ್ ಪಟ್ಟಿ ಕುಣಿಯುತ್ತದೆ, ಕೆಂಪು ದೀಪ ಮಿಣುಕುತ್ತದೆ. ಇನ್ನೊಮ್ಮೆ ಒತ್ತಿದಾಗ ದೀಪ ಮಿಣುಕುವುದು ನಿಂತು ಒಂದೇ ಸಮನೆ ಉರಿಯುತ್ತದೆ. ರೆಕಾರ್ಡಿಂಗ್ ಶುರುವಾಗುವುದು ಆಗ. ನಾನು ಎರಡು ಗಂಟೆ ಮಿಣುಕುವ ದೀಪದ ಮುಂದೆ ಕೂತು ನುಡಿಸಿದ್ದೆ.

ಹಾಗಾಗಿ ‘ಯಾವ ರೆಕಾರ್ಡರ್ ತಗೊಳ್ಳಲಿ?’ ಅಂತ ಯಾರಾದರೂ ಕೇಳಿದರೆ ನಾನು ಮೈಕಿನಿಂದ ಮಾತು ಶುರು ಮಾಡುವುದಿಲ್ಲ. ಎಷ್ಟು ಬೇಗ ಆನ್ ಆಗುತ್ತದೆ, ರೆಕಾರ್ಡ್ ಆಗುತ್ತಿದೆ ಅನ್ನುವುದು ದೂರದಿಂದಲೇ ಕಾಣುತ್ತದಾ, ಬೇಕಾದ ಜಾಗವನ್ನು ಹುಡುಕಿ ಮತ್ತೆ ಕೇಳುವುದು ಸುಲಭವಾ? ಮೊದಲು ಇಷ್ಟು ನೋಡಿ. ಆಲ್ಬಂ ಮಾಡಲು ಬೇರೆ ದಾರಿಗಳಿವೆ. ಇದು ನಮ್ಮ ತಪ್ಪು ನಮಗೇ ಕೇಳಿಸಲು ಇರುವ ಸಾಧನ.

ಫೋನ್ ಸಾಲದಾ?

ಎಷ್ಟೋ ಸಲ ಸಾಕು. ಆದರೆ ಫೋನಿನ ರೆಕಾರ್ಡಿಂಗ್ ಮಾತಿಗಾಗಿ ಹೊಂದಿಸಿದ್ದು. ಸಣ್ಣ ದನಿಯನ್ನು ಎತ್ತುತ್ತದೆ, ದೊಡ್ಡ ದನಿಯನ್ನು ಅದುಮುತ್ತದೆ. ನೀವು ಮೆಲ್ಲಗೆ ಶುರು ಮಾಡಿ ನಿಧಾನಕ್ಕೆ ಏರಿಸಿದ್ದು ಕೇಳುವಾಗ ಒಂದೇ ಮಟ್ಟದಲ್ಲಿರುತ್ತದೆ. ಕೊಳಲಿನ ಉದ್ದನೆಯ ಸ್ವರವನ್ನು ಕೆಲವು ಫೋನುಗಳು ಫ್ಯಾನಿನ ಸದ್ದು ಅಂದುಕೊಂಡು ಒರೆಸಿಹಾಕಲು ನೋಡುತ್ತವೆ. ಆ್ಯಪ್‌ನಲ್ಲಿ ಇದನ್ನೆಲ್ಲ ಆಫ್ ಮಾಡುವ ಅವಕಾಶವಿದ್ದರೆ ಒಂದು ತಿಂಗಳು ಫೋನಿನಲ್ಲೇ ರೆಕಾರ್ಡ್ ಮಾಡಿ. ಮಾಡಿದ್ದನ್ನು ಮತ್ತೆ ಕೇಳುತ್ತೀರಾ ನೋಡಿ. ಕೇಳದಿದ್ದರೆ ರೆಕಾರ್ಡರ್ ಬೇಡ, ದುಡ್ಡು ಉಳಿಸಿ.

ನಿಮ್ಮ ಸದ್ದು ಎಷ್ಟು ಜೋರು?

ಕೊಳ್ಳುವುದು ಅಂತ ನಿರ್ಧರಿಸಿದಿರಾ? ಹಾಗಾದರೆ ಜಾಸ್ತಿ ಯೋಚನೆ ಮಾಡಬೇಕಾದ್ದು ಇಲ್ಲಿ.

ಒಬ್ಬರೇ ಕೂತು ಪಿಟೀಲೋ ಗಿಟಾರೋ ನುಡಿಸುವವರಿಗೆ ರೆಕಾರ್ಡರಿನ ಒಳಗಿನ ‘ಸುಯ್’ ಸದ್ದೇ ಶತ್ರು. ಅಂಗಡಿಯಲ್ಲಿ ಅಥವಾ ಸ್ನೇಹಿತರ ಬಳಿ ಸಿಕ್ಕಿದಾಗ ಪರೀಕ್ಷೆ ಮಾಡಬಹುದು. ಸದ್ದಿಲ್ಲದ ಕೋಣೆಯಲ್ಲಿ ಗೇನ್ (ಮೈಕಿನಿಂದ ಬಂದ ಸದ್ದನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಮಟ್ಟ) ಪೂರ್ತಿ ಏರಿಸಿ, ಸುಮ್ನೆ ಅರ್ಧ ನಿಮಿಷ ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಕೇಳಿ. ಎಲ್ಲದರಲ್ಲೂ ಸ್ವಲ್ಪ ಸುಯ್ಗುಟ್ಟುವಿಕೆ ಇರುತ್ತದೆ. ಎರಡು ರೆಕಾರ್ಡರ್‌ಗಳನ್ನು ಪಕ್ಕಪಕ್ಕ ಇಟ್ಟು ಕೇಳಿದರೆ ಮಾತ್ರ ವ್ಯತ್ಯಾಸ ಸರಿಯಾಗಿ ತಿಳಿಯುತ್ತದೆ.

ಡ್ರಮ್ಸ್, ಆ್ಯಂಪ್ ಇರುವ ಜ್ಯಾಮ್‌ನಲ್ಲಿ ಸಮಸ್ಯೆ ಇದಕ್ಕೆ ಉಲ್ಟಾ. ಲೆವೆಲ್ ಪಟ್ಟಿ ಎಲ್ಲೂ ಕೆಂಪಿಗೆ ಹೋಗಿಲ್ಲ, ಆದರೂ ಸ್ನೇರ್ ಡ್ರಮ್ ಬಡಿದಾಗಲೆಲ್ಲ ಸದ್ದು ಹರಿದ ಹಾಗೆ ಕೇಳುತ್ತದೆ. ಗೇನ್ ಇನ್ನೂ ಇಳಿಸಿದರೆ ಹರಿದ ಸದ್ದೇ ಸಣ್ಣದಾಗಿ ಬರುತ್ತದೆ, ಅಷ್ಟೇ. ಯಾಕೆಂದರೆ ಸದ್ದು ಕೆಟ್ಟಿರುವುದು ಗೇನ್‌ಗೂ ಮೊದಲು, ಮೈಕಿನಲ್ಲೇ. ಪ್ರತಿ ಮೈಕೂ ತಡೆದುಕೊಳ್ಳುವ ಸದ್ದಿಗೆ ಒಂದು ಮಿತಿ ಇದೆ. ವಿವರಪಟ್ಟಿಯಲ್ಲಿ ಇದನ್ನು ‘ಗರಿಷ್ಠ ಎಸ್‌ಪಿಎಲ್’ ಅಂತ ಡೆಸಿಬೆಲ್ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಝೂಮ್ ಕಂಪನಿಯ ಎಚ್‌1ಎನ್ ರೆಕಾರ್ಡರಿಗೆ ಅದು 120, ಟ್ಯಾಸ್ಕ್ಯಾಮ್ ಕಂಪನಿಯ ಡಿಆರ್-05ಎಕ್ಸ್‌ಗೆ 125, ಝೂಮ್ ಎಚ್‌4ಎನ್ ಪ್ರೋಗೆ 140. ಡ್ರಮ್ಸ್ ಹತ್ತಿರ 120 ದಾಟುವುದು ದೊಡ್ಡ ವಿಷಯವೇನಲ್ಲ. ಡ್ರಮ್ಮರ್ ಇರುವ ತಂಡದವರು ಮೊದಲು ನೋಡಬೇಕಾದ ಅಂಕಿ ಇದು.

ಈಗಿನ ಕೆಲವು ಮಾದರಿಗಳಲ್ಲಿ 32-ಬಿಟ್ ಫ್ಲೋಟ್ ಬಂದಿದೆ, ಅಂದರೆ ತೀರಾ ಸಣ್ಣ ಸದ್ದನ್ನೂ ತೀರಾ ದೊಡ್ಡ ಸದ್ದನ್ನೂ ಕೆಡದಂತೆ ಉಳಿಸಿಕೊಳ್ಳುವ ಫೈಲ್ ಬಗೆ. ಝೂಮ್‌ನ ಎಚ್‌1 ಎಸೆನ್ಷಿಯಲ್ ಅಂಥದ್ದು. ಇದರಲ್ಲಿ ಗೇನ್ ಹೊಂದಿಸುವ ತಲೆನೋವೇ ಇಲ್ಲ, ಸದ್ದು ಹೆಚ್ಚಾದರೂ ಆಮೇಲೆ ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳಬಹುದು. ಮರೆವು ಜಾಸ್ತಿ ಇರುವ ನನ್ನಂಥವರಿಗೆ ಇದು ವರವೇ. ಆದರೆ ಮೈಕೇ ಸೋತಿದ್ದರೆ ಇದೂ ಏನೂ ಮಾಡಲಾರದು. ‘ಇನ್ನು ಕ್ಲಿಪ್ ಆಗುವುದೇ ಇಲ್ಲ’ (ಮಿತಿ ಮೀರಿ ಸದ್ದು ಹರಿಯುವುದೇ ಇಲ್ಲ) ಅನ್ನುವ ಜಾಹೀರಾತನ್ನು ಅರ್ಧ ಮಾತ್ರ ನಂಬಿ.

ಮೈಕುಗಳ ಮುಖ ಎತ್ತ?

ಡಿಆರ್-05ಎಕ್ಸ್‌ನ ಮೈಕುಗಳು ಸುತ್ತಲಿನ ಸದ್ದನ್ನೆಲ್ಲ ಒಂದೇ ಸಮ ಹಿಡಿಯುತ್ತವೆ. ಎಲ್ಲರೂ ವೃತ್ತದಲ್ಲಿ ಕೂತು ನಡುವೆ ರೆಕಾರ್ಡರ್ ಇಡುವುದಾದರೆ ಇದು ಒಳ್ಳೆಯದು. ಅದರ ಅಣ್ಣ ಡಿಆರ್-07ಎಕ್ಸ್ ಮತ್ತು ಎಚ್‌1ಎನ್ ಎದುರಿನ ಸದ್ದನ್ನು ಹೆಚ್ಚು ಹಿಡಿಯುತ್ತವೆ, ಹಿಂದಿನದನ್ನು ಕಡಿಮೆ. ಗೋಡೆಗೆ ಬಡಿದು ಸದ್ದು ಗೊಂಯ್ಗುಡುವ ಕೋಣೆಯಲ್ಲಿ, ಒಬ್ಬರ ಅಭ್ಯಾಸಕ್ಕೆ, ನನ್ನ ಮತ ಇವಕ್ಕೆ.

ಒಬ್ಬೊಬ್ಬರ ಸದ್ದೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಬೇಕು ಅನ್ನುವವರಿಗೆ ಎಕ್ಸ್‌ಎಲ್‌ಆರ್ ಕಿಂಡಿ (ಹೊರಗಿನ ಮೈಕಿನ ಕೇಬಲ್ ಸಿಕ್ಕಿಸುವ ಜಾಗ) ಇರುವ ನಾಲ್ಕು ಟ್ರ್ಯಾಕಿನವು ಸಿಗುತ್ತವೆ. ಡಿಆರ್-40ಎಕ್ಸ್ ಅಂಥದ್ದೊಂದು. ಆದರೆ ಕೇಬಲ್, ಸ್ಟ್ಯಾಂಡ್, ಮೈಕ್ ಎಲ್ಲ ಜೋಡಿಸುವಷ್ಟರಲ್ಲಿ ಜ್ಯಾಮ್‌ನ ಹುಮ್ಮಸ್ಸೇ ಇಳಿದುಹೋಗುತ್ತದೆ. ಇದು ನನ್ನ ಸೋಮಾರಿತನವೂ ಇರಬಹುದು.

ಮತ್ತೆ ಕೇಳಲು ಏನೇನಿದೆ?

ಒಂದು ಸಾಲನ್ನು ಎ ಇಂದ ಬಿ ತನಕ ಗುರುತು ಮಾಡಿ ತಿರುಗಿ ತಿರುಗಿ ಕೇಳುವ ಸೌಲಭ್ಯ, ಶ್ರುತಿ ಬದಲಾಗದೆ ವೇಗ ಮಾತ್ರ ಇಳಿಸುವ ಸೌಲಭ್ಯ, ನುಡಿಸುತ್ತಿರುವಾಗಲೇ ಒಂದು ಗುಂಡಿ ಒತ್ತಿ ‘ಇಲ್ಲಿ ಚೆನ್ನಾಗಿತ್ತು’ ಅಂತ ಗುರುತು ಹಾಕುವ ಸೌಲಭ್ಯ. ಈ ಮೂರೂ ಇರಲಿ. ಕೊನೆಯದು ಇಲ್ಲದಿದ್ದರೆ ಎರಡು ಗಂಟೆಯ ಫೈಲಿನಲ್ಲಿ ಆ ನಾಲ್ಕು ನಿಮಿಷ ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದಂತೆ. ಟ್ಯೂನರ್, ಮೆಟ್ರೊನೋಮ್ ಇದ್ದರೆ ಇರಲಿ, ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ.

ಕಾರ್ಡು, ಸೆಲ್ಲು

ಕಿಲೋಹರ್ಟ್ಸ್, ಬಿಟ್ ಅಂಕಿಗಳು ರೆಕಾರ್ಡಿಂಗ್ ಎಷ್ಟು ಸೂಕ್ಷ್ಮ ಅನ್ನುವುದರ ಅಳತೆ. 44.1 ಕಿಲೋಹರ್ಟ್ಸ್, 16-ಬಿಟ್ ಸ್ಟೀರಿಯೊ ವೇವ್ (ಕುಗ್ಗಿಸದ) ಫೈಲ್ ಮೆಮೊರಿ ಕಾರ್ಡಿನಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ. 48 ಕಿಲೋಹರ್ಟ್ಸ್, 24-ಬಿಟ್ ಆದರೆ ಸುಮಾರು 17 ಎಂಬಿ, ಅಂದರೆ ಗಂಟೆಗೆ ಒಂದು ಜಿಬಿ. ನಾನು 24-ಬಿಟ್ ಇಡುತ್ತೇನೆ. ಲೆವೆಲ್ ಸ್ವಲ್ಪ ಕಡಿಮೆ ಇಟ್ಟರೂ ನಷ್ಟವಿಲ್ಲ ಅನ್ನುವುದೇ ಕಾರಣ. ಸೆಲ್ ಹೊರತೆಗೆದು ಬದಲಾಯಿಸುವಂಥದ್ದಾದರೆ ಒಳ್ಳೆಯದು, ಬ್ಯಾಗಿನಲ್ಲಿ ಒಂದು ಜೊತೆ ಸದಾ ಇರಲಿ.

ತಂದ ಮೇಲೆ ಮೊದಲ ದಿನ

ಆಟೊ ಲೆವೆಲ್ (ರೆಕಾರ್ಡರೇ ತಾನಾಗಿ ಗೇನ್ ಏರಿಸಿ ಇಳಿಸುವುದು) ಆಫ್ ಮಾಡಿ. ಇಲ್ಲದಿದ್ದರೆ ಫೋನಿನ ಕತೆಯೇ ಮತ್ತೆ. ತಂಡದವರಿಗೆ ತಮ್ಮ ಹಾಡಿನ ಅತಿ ಜೋರಿನ ಭಾಗವನ್ನು ನುಡಿಸಲು ಹೇಳಿ. ‘ಲೆವೆಲ್ ನೋಡಬೇಕು’ ಅಂದರೆ ಎಲ್ಲರೂ ಮೆಲ್ಲಗೆ ನುಡಿಸುತ್ತಾರೆ, ಆಮೇಲೆ ನಿಜವಾಗಿ ಶುರು ಮಾಡಿದಾಗ ಮೀಟರ್ ಚಿಂದಿ. ಹಾಗಾಗಿ ಅವರು ಹುರುಪಿನಲ್ಲಿರುವಾಗಲೇ ನೋಡಿ, ಅತಿ ಎತ್ತರದ ಪೆಟ್ಟು ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ (ಇಲ್ಲಿ ಸೊನ್ನೆಯೇ ಮಿತಿ) ಆಸುಪಾಸಿನಲ್ಲಿ ನಿಲ್ಲುವ ಹಾಗೆ ಗೇನ್ ಇಡಿ.

ಇನ್ನು ಇಡುವ ಜಾಗ. ಎಲ್ಲರನ್ನೂ ಒಟ್ಟಿಗೆ ಹಿಡಿದ ರೆಕಾರ್ಡಿಂಗ್‌ನಲ್ಲಿ ಯಾರ ಸದ್ದು ಎಷ್ಟು ಅನ್ನುವುದನ್ನು ತೀರ್ಮಾನಿಸುವುದು ಈ ಜಾಗವೇ. ಮೂಲೆಯಲ್ಲಿ ಇಟ್ಟರೆ ಬೇಸ್ ಗುಡುಗುಡು ಅನ್ನುತ್ತದೆ. ಕೀಬೋರ್ಡ್ ಇರುವ ಮೇಜಿನ ಮೇಲಿಟ್ಟರೆ ಬೆರಳಿನ ಟಕಟಕವೂ ಸೇರುತ್ತದೆ. ಟ್ರೈಪಾಡ್ ಮೇಲೆ ಎದೆಯ ಎತ್ತರದಲ್ಲಿ, ಡ್ರಮ್ಸ್‌ನಿಂದ ದೂರ, ಹಾಡುವವರ ಕಡೆಗೆ ಸ್ವಲ್ಪ ಹತ್ತಿರ ಇಟ್ಟು ಅರ್ಧ ನಿಮಿಷ ರೆಕಾರ್ಡ್ ಮಾಡಿ, ಕೇಳಿ, ಎರಡು ಹೆಜ್ಜೆ ಸರಿಸಿ, ಮತ್ತೆ ಕೇಳಿ. ಒಳ್ಳೆಯ ಜಾಗ ಸಿಕ್ಕಿತಾ? ನೆಲದ ಮೇಲೆ ಟೇಪಿನ ಗುರುತು ಹಾಕಿಬಿಡಿ.

ತಾರೀಕು, ಸಮಯ ಹೊಂದಿಸುವುದನ್ನು ಮರೆಯಬೇಡಿ. ಸೆಲ್ ತೆಗೆದು ಬಹಳ ದಿನ ಬಿಟ್ಟರೆ ಕೆಲವದರ ಗಡಿಯಾರ ಮೊದಲಿಗೆ ಹೋಗಿಬಿಡುತ್ತದೆ. ನನ್ನ ಕಂಪ್ಯೂಟರಿನಲ್ಲಿ ಜನವರಿ 1ರಂದೇ ನುಡಿಸಿದ ಜ್ಯಾಮ್‌ಗಳ ಒಂದು ಇಡೀ ಫೋಲ್ಡರ್ ಇದೆ.