ಎರೆ ಹೊಲದವರು ಹೊರದೇಶಕ್ಕೆ ಹೋಗಿ ಬೇಸಾಯ, ಮಣ್ಣಿನ ಮನೆ ಕಲಿಯುವುದು ಹೇಗೆ

ಮಣ್ಣು ಉಳಿಸುವ ಬೇಸಾಯವನ್ನು, ಮಣ್ಣಿನ ಮನೆ ಕಟ್ಟುವುದನ್ನು ಕೈಯಾರೆ ಮಾಡಿ ಕಲಿಯಬೇಕು, ಅದಕ್ಕೆ ಕೆಲವು ತಿಂಗಳು ಹೊರದೇಶಕ್ಕೆ ಹೋಗಬೇಕು ಅನ್ನುವ ಹುಡುಗರು, ಹುಡುಗಿಯರು ನಮ್ಮ ಕಡೆಯೂ ಇದ್ದಾರೆ. ಅವರ ಮೊದಲ ಪ್ರಶ್ನೆ, ಯಾವ ದೇಶಕ್ಕೆ ಹೋಗಲಿ? ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ನಿಮ್ಮ ಹೊಲದ ಅಥವಾ ನಿಮ್ಮೂರಿನ ಮನೆಗಳ ಯಾವ ತೊಂದರೆಗೆ ಉತ್ತರ ಹುಡುಕಿ ಹೊರಟಿದ್ದೀರಿ ಅನ್ನುವುದು ಮೊದಲು ಗಟ್ಟಿಯಾಗಬೇಕು.

ಕಲಬುರಗಿ, ಯಾದಗಿರಿ ಕಡೆ ಹೆಚ್ಚಾಗಿ ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಅದರ ಮೇಲೆ ಕಟ್ಟಿದ ಗೋಡೆಯನ್ನೂ ಸೀಳುತ್ತದೆ. ವರ್ಷ ವರ್ಷವೂ ತೊಗರಿ ಮೇಲೆ ತೊಗರಿಯೇ ಆದ ಹೊಲಗಳಿವೆ. ನಾರಾಯಣಪುರದ ಕಾಲುವೆ ನೀರು ಬಂದ ಶಹಾಪುರ, ಸುರಪುರದ ಕಡೆ ಭತ್ತ ಬಂತು, ಜೊತೆಗೆ ನೀರು ನಿಂತು ಕೆಡುವ ಜವಳು, ಉಪ್ಪೇರುವ ಸವಳು ಬಂತು. ಬೀದರ್‌ನದು ಬೇರೆ ಕಥೆ, ಅಲ್ಲಿ ಹಲವು ಕಡೆ ಕೆಂಪು ಮಣ್ಣು, ಜಂಬಿಟ್ಟಿಗೆ ಕಲ್ಲು. ಇವುಗಳಲ್ಲಿ ನಿಮ್ಮದು ಯಾವುದು? ಒಂದು ಪುಟ ಬರೆದಿಡಿ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ ಆ ಕಾಗದವನ್ನೂ ಜೊತೆಗಿಡಿ. ಹೊರದೇಶದ ರೈತರಿಗೆ ಪತ್ರ ಬರೆಯುವಾಗ ನಿಮ್ಮ ಸರ್ಟಿಫಿಕೇಟ್‌ಗಿಂತ ಈ ಪುಟವೇ ಜಾಸ್ತಿ ಕೆಲಸ ಮಾಡುತ್ತದೆ.

ಹೋಗುವ ಮೊದಲು ಇಲ್ಲೇ ಕೈ ಕೆಸರು ಮಾಡಿಕೊಳ್ಳಿ. ಜಹೀರಾಬಾದ್ ಹತ್ತಿರದ ಪಸ್ತಾಪುರ ಬೀದರ್‌ಗೆ ಪಕ್ಕದಲ್ಲೇ ಇದೆ. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಹೆಣ್ಣುಮಕ್ಕಳು, ಬಹುಪಾಲು ದಲಿತ ಸಣ್ಣ ರೈತರು, ದಶಕಗಳಿಂದ ಮಳೆ ನೀರಿನಲ್ಲೇ ಒಂದೇ ಹೊಲದಲ್ಲಿ ಹತ್ತಾರು ಬೆಳೆ ಬೆಳೆದು ಬೀಜ ಕಾಪಾಡಿದ್ದಾರೆ. 2019ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಅವರನ್ನು ನೋಡದೆ ವಿಮಾನ ಹತ್ತುವುದು ನನಗೆ ಸರಿ ಅನ್ನಿಸುವುದಿಲ್ಲ. ಕಟ್ಟಡದ ಆಸೆ ಇದ್ದವರು ಪುದುಚೇರಿ ಹತ್ತಿರದ ಆರೋವಿಲ್ ಅರ್ತ್ ಇನ್‌ಸ್ಟಿಟ್ಯೂಟ್‌ನಲ್ಲಿ ಮಣ್ಣಿನ ಇಟ್ಟಿಗೆ, ಕಮಾನು, ಗುಮ್ಮಟದ ಚಿಕ್ಕ ತರಬೇತಿ ಮಾಡಿಕೊಳ್ಳಿ. ಬಿಸಿಲಲ್ಲಿ ದಿನವಿಡೀ ಮಣ್ಣು ತುಳಿಯುವುದು ನಿಮ್ಮ ಮೈಗೆ ಆಗುತ್ತದೋ ಇಲ್ಲವೋ ಅಂತ ಅಲ್ಲೇ ತಿಳಿಯುತ್ತದೆ.

ಈಗ ದೇಶದ ಮಾತು. ಎರೆ ಮಣ್ಣಿನವರಿಗೆ ನಾನು ಮೊದಲು ಹೇಳುವುದು ಆಸ್ಟ್ರೇಲಿಯಾ. ಅಲ್ಲಿನ ಕ್ವೀನ್ಸ್‌ಲ್ಯಾಂಡ್‌ನ ಡಾರ್ಲಿಂಗ್ ಡೌನ್ಸ್ ಸೀಮೆಯಲ್ಲೂ ನಮ್ಮ ಹಾಗೇ ಬಿರಿಯುವ ಕಪ್ಪು ಮಣ್ಣು. ಉಳುಮೆ ಬಿಟ್ಟು, ಹಿಂದಿನ ಬೆಳೆಯ ಕೂಳೆಯನ್ನು ಹಾಗೇ ಉಳಿಸಿ, ಅದರ ನಡುವೆಯೇ ಬಿತ್ತುತ್ತಾರೆ. ಟ್ರ್ಯಾಕ್ಟರ್ ಪ್ರತಿ ಸಲ ಅದೇ ಗೆರೆಯಲ್ಲಿ ಓಡುತ್ತದೆ, ಹಾಗಾಗಿ ಉಳಿದ ನೆಲ ತುಳಿತಕ್ಕೆ ಸಿಕ್ಕಿ ಗಟ್ಟಿಯಾಗುವುದಿಲ್ಲ. ಆದರೆ ಅಲ್ಲಿ ಉಳುಮೆ ಬಿಟ್ಟವರಲ್ಲಿ ಹೆಚ್ಚಿನವರು ಕಳೆನಾಶಕ ಹೊಡೆಯುತ್ತಾರೆ. ನೀವು ಕಲಿಯಬೇಕಾದ್ದು ಅದಲ್ಲ, ಮುಚ್ಚಿದ ನೆಲದಲ್ಲಿ ಹಸಿ ಹೇಗೆ ನಿಲ್ಲುತ್ತದೆ ಅನ್ನುವುದು. ಕಳೆನಾಶಕ ಇಲ್ಲದೆ ಮಾಡುವವರೂ ಇದ್ದಾರೆ, ಅಂಥವರನ್ನು ಹುಡುಕಿ.

ಅಲ್ಲಿಗೆ ದಾರಿಯೂ ಇದೆ. 2024ರಿಂದ ಭಾರತದವರಿಗೆ ವರ್ಕ್ ಅಂಡ್ ಹಾಲಿಡೇ ವೀಸಾ ತೆರೆದಿದೆ. ವಯಸ್ಸು 18ರಿಂದ 30, ವರ್ಷಕ್ಕೆ 1,000 ಜಾಗ, ಲಾಟರಿ ಎತ್ತಿ ಆಯ್ಕೆ. ಪಿಯುಸಿ ನಂತರ ಎರಡು ವರ್ಷದ ಓದು ಆಗಿರಬೇಕು, ಇಂಗ್ಲಿಷ್ ಬರುತ್ತದೆ ಅಂತ ತೋರಿಸಬೇಕು, ಬ್ಯಾಂಕಿನಲ್ಲಿ ದುಡ್ಡು ಇರಬೇಕು. ಈ ವೀಸಾದಲ್ಲಿ ಕೂಲಿ ಪಡೆದು ದುಡಿಯಬಹುದು, ನಾಲ್ಕು ತಿಂಗಳವರೆಗೆ ಓದಲೂಬಹುದು. ಪ್ರಕೃತಿಯ ರೀತಿ ನೋಡಿ ಹೊಲ, ತೋಟ, ಮನೆಯನ್ನು ಒಟ್ಟಿಗೆ ಹೊಂದಿಸುವ ಪರ್ಮಾಕಲ್ಚರ್ ಪದ್ಧತಿ ಹುಟ್ಟಿದ್ದೇ ಆಸ್ಟ್ರೇಲಿಯಾದಲ್ಲಿ, 1970ರ ದಶಕದಲ್ಲಿ, ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಅವರಿಂದ. ಅದರ ಡಿಸೈನ್ ಕೋರ್ಸ್ 72 ಗಂಟೆಯದು, ಆ ನಾಲ್ಕು ತಿಂಗಳಲ್ಲಿ ಆರಾಮಾಗಿ ಮುಗಿಯುತ್ತದೆ. ಒಂದು ಎಚ್ಚರ: ಅದೇ ವೀಸಾದಲ್ಲಿ ಎರಡನೇ ವರ್ಷ ಬೇಕಾದರೆ ಹಳ್ಳಿಗಾಡಿನಲ್ಲಿ ಮೂರು ತಿಂಗಳು ದುಡಿದ ಲೆಕ್ಕ ತೋರಿಸಬೇಕು, ಕೂಲಿ ಇಲ್ಲದೆ ಮಾಡಿದ ಕೆಲಸ ಆ ಲೆಕ್ಕಕ್ಕೆ ಬರುವುದಿಲ್ಲ.

ಕೂಲಿ ಇಲ್ಲದ ಕೆಲಸ ಅಂದಾಗ ಎಲ್ಲರೂ ಹೇಳುವುದು ವೂಫ್. 1971ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಜಾಲ ಅದು. ದಿನಕ್ಕೆ ನಾಲ್ಕರಿಂದ ಆರು ಗಂಟೆ ಸಾವಯವ ತೋಟದಲ್ಲಿ ದುಡಿದರೆ ಊಟ, ವಸತಿ ಕೊಡುತ್ತಾರೆ. ಒಳ್ಳೆಯದೇ. ಆದರೆ ಊಟಕ್ಕಾಗಿ ದುಡಿಯುವುದನ್ನೂ ಹಲವು ದೇಶಗಳು ಉದ್ಯೋಗ ಅಂತಲೇ ನೋಡುತ್ತವೆ. ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಧಿಕಾರಿ ಕೇಳಿದಾಗ ಸುಮ್ನೆ ಊರು ನೋಡಲು ಬಂದೆ ಅಂತ ಸುಳ್ಳು ಹೇಳಬೇಡಿ. ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸುತ್ತಾರೆ, ಮುಂದೆ ಯಾವ ದೇಶದ ಅರ್ಜಿಯಲ್ಲೂ ಅದನ್ನು ಬರೆಯಬೇಕಾಗಬಹುದು. ಯಾವ ಏಜೆಂಟ್ ಏನೇ ಹೇಳಲಿ, ಆ ದೇಶದ ಸರ್ಕಾರಿ ವೆಬ್‌ಸೈಟಿನಲ್ಲಿ ಓದಿ ಖಾತ್ರಿ ಮಾಡಿಕೊಳ್ಳಿ.

ದುಡ್ಡು ಕಡಿಮೆ ಇದ್ದರೆ ನೇಪಾಳ. ವೀಸಾ ಬೇಡ, 1950ರ ಒಪ್ಪಂದದಿಂದಾಗಿ ನಾವು ಅಲ್ಲಿ ಇದ್ದು ಕೆಲಸ ಮಾಡಲೂಬಹುದು. 2015ರ ಭೂಕಂಪದ ನಂತರ ಅಲ್ಲಿ ಮಣ್ಣಿನ ಚೀಲ ಪೇರಿಸಿ ಮನೆ ಕಟ್ಟುವ ಕೆಲಸಕ್ಕೆ ಒಳ್ಳೆಯ ಹೆಸರು ಬಂದಿದೆ. ಊರಿನ ಸಂಘದಲ್ಲೋ ಸಂಸ್ಥೆಯಲ್ಲೋ ದುಡಿಯುತ್ತಿರುವವರು ಜಪಾನಿನ ಏಷ್ಯನ್ ರೂರಲ್ ಇನ್‌ಸ್ಟಿಟ್ಯೂಟ್ ನೋಡಿ. 1973ರಿಂದ ನಡೆಯುತ್ತಿದೆ. ಒಂಬತ್ತು ತಿಂಗಳ ತರಬೇತಿ ಇಂಗ್ಲಿಷ್‌ನಲ್ಲಿ, ಬೆಳೆಯುವುದು, ಅಡುಗೆ ಮಾಡುವುದು, ಹಂದಿ ಕೋಳಿ ಸಾಕುವುದು ಎಲ್ಲ ಕೈಯಿಂದಲೇ. ವಿದ್ಯಾರ್ಥಿವೇತನ ಸಿಗುತ್ತದೆ, ಆದರೆ ನಿಮ್ಮನ್ನು ಒಂದು ಸಂಸ್ಥೆ ಕಳಿಸಬೇಕು, ಕಲಿತು ಅಲ್ಲಿಗೇ ಮರಳಬೇಕು. ಏಪ್ರಿಲ್‌ನಿಂದ ಡಿಸೆಂಬರ್ ಆದ್ದರಿಂದ ಒಂದು ಮುಂಗಾರು ಪೂರ್ತಿ ತಪ್ಪುತ್ತದೆ, ಮನೆಯವರ ಜೊತೆ ಮೊದಲೇ ಮಾತಾಡಿ. ಬೇರೆ ಕಡೆಗಾದರೆ ತೊಗರಿ ರಾಶಿ ಮುಗಿಸಿ ಜನವರಿಯಲ್ಲಿ ಹೊರಟು ಜೂನ್ ಬಿತ್ತನೆಗೆ ಬರುವ ಹಾಗೆ ಹೊಂದಿಸಬಹುದು.

ಆರ್ಕಿಟೆಕ್ಚರ್ ಓದಿದವರಿಗೆ ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ ಕ್ರಾತೇರ್ ಅನ್ನುವ ಸಂಸ್ಥೆ ಇದೆ, 1979ರಿಂದ ಮಣ್ಣಿನ ಕಟ್ಟಡಕ್ಕೇ ಮೀಸಲು. ಇಂಥ ಪದವಿಗಳಿಗೆ ಹೊರಟವರು ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ನಿಯಮ ಓದಿ. ಪರಿಶಿಷ್ಟ ಜಾತಿಯವರ ಜೊತೆ ಭೂಮಿ ಇಲ್ಲದ ಕೃಷಿ ಕಾರ್ಮಿಕರ, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೂ ಅದರಲ್ಲಿ ಜಾಗವಿದೆ. ನಮ್ಮ ಕಡೆ ಇದು ಬಹಳ ಜನಕ್ಕೆ ಗೊತ್ತೇ ಇಲ್ಲ, ದಯವಿಟ್ಟು ನಾಲ್ಕು ಜನಕ್ಕೆ ಹೇಳಿ. ಆದರೆ ಅದು ಸ್ನಾತಕೋತ್ತರ ಪದವಿ, ಪಿಎಚ್‌ಡಿಗೆ ಮಾತ್ರ.

ಮನೆ ಕಟ್ಟುವುದನ್ನು ಕಲಿಯುವಾಗ ನಮ್ಮ ಸಾಮಾನು ನೆನಪಿರಲಿ. ಅಮೆರಿಕದ ನೆಬ್ರಾಸ್ಕಾದಲ್ಲಿ ಮರ ಸಿಗದೆ ಹುಲ್ಲಿನ ಪೆಂಡಿಗಳಿಂದ ಗೋಡೆ ಕಟ್ಟಿದರು, ಆ ಪದ್ಧತಿ ಈಗ ಬೇರೆ ದೇಶಗಳಲ್ಲೂ ಇದೆ. ನಮ್ಮಲ್ಲಿ ಕಣಿಕೆ ದನಕ್ಕೇ ಸಾಲದು, ಗೋಡೆಗೆ ಎಲ್ಲಿಂದ ತರುವುದು? ಎರೆ ಮಣ್ಣನ್ನು ಹಾಗೇ ಇಟ್ಟಿಗೆ ಮಾಡಿದರೆ ಒಣಗುವಾಗಲೇ ಸೀಳುತ್ತದೆ. ಅದಕ್ಕೆ ಮರಳು ಬೇಕು, ಸಿಮೆಂಟಿಗಿಂತ ಸುಣ್ಣ ಚೆನ್ನಾಗಿ ಒಗ್ಗುತ್ತದೆ. ಹಾಗಾಗಿ ಸುಣ್ಣದ ಕೆಲಸ, ಅಡಿಪಾಯವನ್ನು ಗಟ್ಟಿ ಮೊರಂವರೆಗೆ ಇಳಿಸುವುದು, ಗೋಡೆಯ ಬುಡಕ್ಕೆ ನೀರು ತಾಗದ ಹಾಗೆ ಕಲ್ಲಿನ ಪೀಠ ಕಟ್ಟುವುದು, ಇವನ್ನು ಕೇಳಿ ಕೇಳಿ ಕಲಿಯಿರಿ. ಪೀಠಕ್ಕೆ ಶಹಾಬಾದ್ ಕಲ್ಲು ಮನೆ ಬಾಗಿಲಲ್ಲೇ ಇದೆಯಲ್ಲ.

ಹೋಗುವ ತೋಟದವರಿಗೆ ಮೊದಲೇ ಬರೆದು ಕೇಳಿ: ದಿನಕ್ಕೆ ಎಷ್ಟು ಗಂಟೆ, ಯಾವ ಕೆಲಸ, ಮಲಗುವುದು ಎಲ್ಲಿ, ಸಸ್ಯಾಹಾರ ಸಿಗುತ್ತದಾ, ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು. ಮೊದಲು ಅಲ್ಲಿದ್ದ ಇಬ್ಬರ ಜೊತೆ ಮಾತಾಡಿ, ಹುಡುಗಿಯರಂತೂ ಇದನ್ನು ಬಿಡಲೇಬೇಡಿ. ಪಾಸ್‌ಪೋರ್ಟ್ ಯಾರ ಕೈಗೂ ಇಡಲು ಕೊಡಬೇಡಿ. ಸಾಮಾನ್ಯ ಪ್ರವಾಸ ವಿಮೆ ಹಲವು ಸಲ ಮೈ ದುಡಿಮೆಯ ಗಾಯಕ್ಕೆ ದುಡ್ಡು ಕೊಡುವುದಿಲ್ಲ, ಪಾಲಿಸಿಯ ಸಣ್ಣ ಅಕ್ಷರ ಓದಿಯೇ ಕೊಳ್ಳಿ. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕಂತೂ ಕನಿಷ್ಠ 30,000 ಯೂರೋವರೆಗಿನ ಆಸ್ಪತ್ರೆ ಖರ್ಚು ಕೊಡುವ ವಿಮೆ ಕಡ್ಡಾಯ.

ಆಸ್ಟ್ರೇಲಿಯಾಕ್ಕೆ ಹೋಗುವವರು ಹೊಲಕ್ಕೆ ಹಾಕಿದ ಬೂಟನ್ನು ತಿಕ್ಕಿ ತೊಳೆದು ಒಯ್ಯಿರಿ, ಅಂಟಿದ ಮಣ್ಣಿಗೂ ಅಲ್ಲಿ ತಪಾಸಣೆ ಇದೆ. ಬರುವಾಗ ಆಸೆಪಟ್ಟು ಬೀಜ ಕಟ್ಟಿಕೊಂಡು ಬರಬೇಡಿ. ಪರವಾನಗಿ ಇಲ್ಲದೆ ತರುವುದು ನಮ್ಮ ಕಾನೂನಿನಲ್ಲೂ ತಪ್ಪು, ರೋಗವೂ ಜೊತೆಗೆ ಬರಬಹುದು. ಬಂದ ಮೇಲೆ ಹತ್ತು ಗುಂಟೆಯಲ್ಲಷ್ಟೇ ಹೊಸ ಪದ್ಧತಿ ಮಾಡಿ, ಪಕ್ಕದಲ್ಲಿ ಹಳೆಯದನ್ನೂ ಇಟ್ಟು ಎರಡರ ಖರ್ಚು, ಇಳುವರಿ ಬರೆದಿಡಿ. ಮಣ್ಣಿನ ಗೋಡೆಯನ್ನು ಮೊದಲು ದನದ ಕೊಟ್ಟಿಗೆಗೆ ಕಟ್ಟಿ, ಎರಡು ಮಳೆಗಾಲ ನೋಡಿ, ಆಮೇಲೆ ಮನೆಗೆ ಕೈ ಹಾಕಿ.